ಗೂಟಪ್ಪನ ಸ್ವಂತ ಹೆಸರು

ದಾಮ್ಮೆ ಎಂಬ ಊರಿನ ಕಾಲುವೆ ದಂಡೆಯಲ್ಲಿ ಭಾನುವಾರ ಬೆಳಿಗ್ಗೆ ಸೈಕಲ್ ತುಳಿಯುವವರ ಪೈಕಿ ವಿಲ್ಫ್ರೀಡ್ ಲೋಟೆನ್ಸ್ ಎಂಬುವನೊಬ್ಬನಿದ್ದಾನೆ ಎಂದರೆ ಅರ್ಧ ಜನ 'ಯಾರದು?' ಎಂದು ಹುಬ್ಬು ಗಂಟಿಕ್ಕುತ್ತಾರೆ. ಗೂಟಪ್ಪ ಎನ್ನಿ, ಕಾಲುವೆಯ ಬಾತುಕೋಳಿಗಳಿಗೂ ಗೊತ್ತು. ಊರಿನ ಎಷ್ಟೋ ಅಡುಗೆಮನೆಗಳಿಗೆ ಟೈಲ್ಸ್ ಹಾಕಿದವನು ಅವನೇ. ವಾರವಿಡೀ ಮಂಡಿಯೂರಿ ಕೆಲಸ ಮಾಡಿ, ಭಾನುವಾರ ಅದೇ ಮಂಡಿಗಳನ್ನು ಪೆಡಲಿಗೆ ಹಚ್ಚುತ್ತಾನೆ. ನೆಲ ಕನ್ನಡಿಯ ಹಾಗಿದೆ ಎಂದು ಹೊಗಳುವವರು ಕೂಡ 'ನಮ್ಮ ಗೂಟಪ್ಪ ಹಾಕಿದ್ದು' ಎಂದೇ ಹೇಳುತ್ತಾರೆ.

ಗೂಟ ಎಂದರೆ ದಾರಿಯ ನಟ್ಟನಡುವೆ ನೆಟ್ಟಿರುವ ಕೆಂಪು ಬಿಳಿ ಕಂಬ, ಸೊಂಟದೆತ್ತರದ್ದು. ಕಾರುಗಳು ನುಗ್ಗಬಾರದೆಂದು ನೆಟ್ಟದ್ದು. ಅದಿರುವುದರಿಂದಲೇ ನಮ್ಮ ದಂಡೆಯಲ್ಲಿ ಹಾರ್ನ್ ಇಲ್ಲ, ಹೊಗೆಯಿಲ್ಲ. ಒಂದು ಕಡೆ ನೀರು, ಇನ್ನೊಂದು ಕಡೆ ಹಸುಗಳು, ಗಾಳಿಗೆ ಒಂದೇ ದಿಕ್ಕಿಗೆ ವಾಲಿದ ಪಾಪ್ಲರ್ ಮರಗಳು. ಕಣ್ಣು ಹಾಯುವಷ್ಟು ದೂರ ಒಂದು ಏರಿಲ್ಲ, ಇಳಿಜಾರಿಲ್ಲ. ಅಡ್ಡಿ ಎಂದರೆ ಗಾಳಿ ಮತ್ತು ಗೂಟ, ಅಷ್ಟೇ. ಗಾಳಿಗೆ ಉಪಾಯವೆಂದರೆ ಒಬ್ಬರ ಬೆನ್ನಿಗೊಬ್ಬರು ಅಂಟಿಕೊಂಡು ಹೋಗುವುದು. ಹಾಗೆ ಹೋಗುವಾಗ ಹಿಂದಿನವನಿಗೆ ಮುಂದಿನವನ ಅಂಡು ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಅದಕ್ಕೇ ಎಲ್ಲರಿಗಿಂತ ಮುಂದಿರುವವನು ಗೂಟ ಕಂಡ ಕೂಡಲೇ 'ಗೂಟ!' ಎಂದು ಕೂಗಬೇಕು. ಹಿಂದಿನವರು ಆ ಕೂಗನ್ನು ಬಾಲದ ತನಕ ದಾಟಿಸಬೇಕು. ಕೂಗದಿದ್ದರೆ ಏನಾಗುತ್ತದೆ ಎಂಬುದು ವಿಲ್ಫ್ರೀಡನ ಕಟ್ಟಿಸಿಕೊಂಡ ಹಲ್ಲುಗಳಿಗೆ ಚೆನ್ನಾಗಿ ಗೊತ್ತು.

ಆಗ ಅವನು ಸೈಕಲ್ ಕ್ಲಬ್ಬಿಗೆ ಸೇರಿದ ಹೊಸತು. ಕಾಲಲ್ಲಿ ಕಸುವಿತ್ತು, ತಲೆಯಲ್ಲಿ ಬುದ್ಧಿಯಿರಲಿಲ್ಲ. ಕ್ಯಾಪ್ಟನ್ ಮಾರ್ನಿಕ್ಸ್ ಮುಂದೆ ತುಳಿಯುತ್ತಿದ್ದರೆ ಇವನು ಪಕ್ಕಕ್ಕೆ ಬಂದು ತನ್ನ ಚಕ್ರವನ್ನು ಗೇಣಷ್ಟು ಮುಂದೆ ಇಡುತ್ತಿದ್ದ. ದನದ ವ್ಯಾಪಾರಿ ಮಾರ್ನಿಕ್ಸ್. ಸಂತೆಯಲ್ಲೇ ಯಾರಿಗೂ ದಾರಿ ಬಿಡದವನು. ಒಂದು ವಸಂತದ ಬೆಳಿಗ್ಗೆ ಮರದ ಸೇತುವೆ ದಾಟಿದ ಮೇಲೆ ವಿಲ್ಫ್ರೀಡನನ್ನು ಬೆನ್ನ ಹಿಂದೆ ಬಿಟ್ಟುಕೊಂಡು ಗೂಟದ ತನಕ ನೆಟ್ಟಗೆ ಹೋದ. ಕೊನೆಯ ಗಳಿಗೆಯಲ್ಲಿ ಸರಕ್ಕನೆ ಬಲಕ್ಕೆ ಜಾರಿದ. ತುಟಿ ಪಿಟಕ್ಕೆನ್ನಲಿಲ್ಲ.

"ನೀನು ಹೇಳ್ಲಿಲ್ಲ!" ಎಂದ ವಿಲ್ಫ್ರೀಡ್, ರಕ್ತದ ಜೊತೆ ಹಲ್ಲು ಉಗುಳುತ್ತ.

"ಹೇಳಿದೆ. ಕಿವೀನ ಮನೇಲಿ ಬಿಟ್ಟು ಬಂದಿದ್ಯಾ?"

"ಹೇಳಿದ ಕಣೋ, ನಾನು ಕೇಳಿಸ್ಕೊಂಡೆ" ಎಂದ ಕಸಾಯಿ ಓಡಿಲ್. ಅವನು ಅಂದದ್ದೇ ತಡ, ಅವನ ಹಿಂದಿನವನೂ ಕೇಳಿಸಿಕೊಂಡಿದ್ದ, ಅದರ ಹಿಂದಿನವನೂ. ಕೊನೆಗೆ ಬಾಲದಲ್ಲಿ ಬರುತ್ತಿದ್ದ ಅರೆಗಿವುಡ ಮುದುಕನೂ ಕೇಳಿಸಿಕೊಂಡಿದ್ದ! ಅವತ್ತು ಸಂಜೆಯೇ ಓಡಿಲ್ ಗೂಟಪ್ಪ ಎಂದು ನಾಮಕರಣ ಮಾಡಿ ಎಲ್ಲರಿಗೂ ಬಿಯರ್ ಕುಡಿಸಿದ.

ಅಲ್ಲಿಂದಾಚೆ ವಿಲ್ಫ್ರೀಡನಿಗೆ ಬದುಕಿನಲ್ಲಿ ಬೇಕಿದ್ದದ್ದು ಒಂದೇ. 'ಮಾರ್ನಿಕ್ಸ್ ಅವತ್ತು ಕೂಗಲಿಲ್ಲ' ಎಂದು ಆ ಬಾಯಿಗಳಲ್ಲಿ ಒಂದಾದರೂ ಎಲ್ಲರೆದುರು ಹೇಳಬೇಕು. ಹಲ್ಲಿನ ಖರ್ಚು ಬೇಡ, ಕ್ಷಮೆಯೂ ಬೇಡ. ಹೆಂಡತಿ ಯೊಲಾಂಡ್ ಬೈದು ಬೈದು ಸುಸ್ತಾದಳು.

"ಆ ಹಾಳು ಕ್ಲಬ್ಬು ಬಿಡಬಾರದಾ? ಮರ್ಯಾದೆ ಅನ್ನೋದು ಇಲ್ವಾ ನಿಂಗೆ?"

"ಬಿಟ್ರೆ ಅವರು ಹೇಳಿದ್ದೇ ನಿಜ ಆಗುತ್ತಲ್ಲೇ."

ಹಾಗಾಗಿ ಬಿಡಲಿಲ್ಲ. ಬಾಲಕ್ಕೆ ಅಂಟಿಕೊಂಡು, ಅವರ ಬೆನ್ನು ನೋಡುತ್ತ, ಅವರ ಗೇಲಿ ನುಂಗುತ್ತ ಭಾನುವಾರಗಳನ್ನು ಕಳೆದ. ಗೂಟ ಬಂದಾಗಲೆಲ್ಲ ಯಾರಾದರೊಬ್ಬರು ತಿರುಗಿ 'ಗೂಟಪ್ಪಾ, ನಿನ್ನ ಅಣ್ಣ ಬಂದ ನೋಡು, ಕೈ ಮುಗಿ' ಎನ್ನುವರು. ಅವನೂ ಹಲ್ಲು ಕಿರಿಯುವನು. ಇನ್ನೇನು ಮಾಡಿಯಾನು ಪಾಪ! ಹೋದ ವರ್ಷ ಊರಿಗೆ ಬಂದು ನೆಲೆಸಿ ಕ್ಲಬ್ಬಿಗೆ ಸೇರಿದ ನಿವೃತ್ತ ಅಂಚೆಯವನು ಕೊರ್ನೇಲ್ ಒಬ್ಬ ಮಾತ್ರ, ಪತ್ರ ಹಂಚಿದ ಅಭ್ಯಾಸವೋ ಏನೋ, ಎಲ್ಲರನ್ನೂ ಸ್ವಂತ ಹೆಸರಿನಿಂದ ಕರೆಯುತ್ತಿದ್ದ. ಅವನು ಮೊದಲ ಸಲ 'ವಿಲ್ಫ್ರೀಡ್' ಎಂದು ಕೂಗಿದಾಗ ಇವನು ತಿರುಗಿಯೇ ನೋಡಿರಲಿಲ್ಲ.

ಆಮೇಲೆ ಸಕ್ಕರೆ ಕಾಯಿಲೆ ಮಾರ್ನಿಕ್ಸನ ಕಣ್ಣುಗಳನ್ನು ತಿಂದಿತು. ಒಂದು ಪೂರ್ತಿ ಹೋಯಿತು, ಇನ್ನೊಂದರಲ್ಲಿ ಬೆಳಕು ಯಾವುದು ಕತ್ತಲೆ ಯಾವುದು ಎಂಬಷ್ಟೇ ಉಳಿಯಿತು. ಕಾಲು ಮಾತ್ರ ಎತ್ತಿನ ಕಾಲೇ. ಎರಡು ಸೀಟಿನ ಜೋಡಿ ಸೈಕಲ್ ಕೊಂಡುತಂದ. ಮುಂದೆ ಕಣ್ಣಿರುವವನು, ಹಿಂದೆ ಇವನು. ಆದರೆ ಮುಂದೆ ಕೂರುವವರು ಬೇಕಲ್ಲ? ಇಷ್ಟು ಕಾಲ ಕ್ಯಾಪ್ಟನ್ ಕ್ಯಾಪ್ಟನ್ ಎಂದು ತಲೆ ಮೇಲೆ ಹೊತ್ತು ಮೆರೆಸಿದವರೆಲ್ಲ ಮೆಲ್ಲಗೆ ಜಾರಿಕೊಂಡರು. ಓಡಿಲನಿಗೆ ಆ ವಾರವೇ ಸೊಂಟ ಹಿಡಿಯಿತು. ಕೊನೆಗೆ ಮಾರ್ನಿಕ್ಸ್ ಗೋಡೆ ಸವರಿಕೊಂಡು ವಿಲ್ಫ್ರೀಡನ ಬಾಗಿಲಿಗೆ ಬಂದ.

"ಗೂಟಪ್ಪಾ, ಮುಂದಿನ ಸೀಟಲ್ಲಿ ಕೂತ್ಕೋತೀಯಾ?"

"ಒಂದು ಮಾತಿದೆ."

"ಯಾವ್ದು ಅಂತ ಗೊತ್ತು."

"ಹಾಗಾದ್ರೆ ಕೆಫೇಲಿ ಹೇಳು. ಎಲ್ಲರ ಮುಂದೆ."

ಮಾರ್ನಿಕ್ಸ್ ಬಾಗಿಲ ಚೌಕಟ್ಟು ಹಿಡಿದುಕೊಂಡ. ಮನೆಯಲ್ಲಿ ಕುರ್ಚಿಗೆ ಅಂಟಿಕೊಂಡು ಸಾಯುವುದೋ, ಗೂಟಪ್ಪನೆದುರು ಬಗ್ಗುವುದೋ ಎಂದು ಲೆಕ್ಕ ಹಾಕಿರಬೇಕು. "ಈ ಭಾನುವಾರವೇ ಹೇಳ್ತೀನಿ" ಎಂದ.

ಆ ಭಾನುವಾರ ಯೊಲಾಂಡ್ ಗಂಡನ ಅಂಗಿಗೆ ಇಸ್ತ್ರಿ ಹಾಕಿಕೊಟ್ಟಳು. ಸೈಕಲ್ಲಿನ ಅಂಗಿಗೆ ಯಾರಾದರೂ ಇಸ್ತ್ರಿ ಹಾಕುತ್ತಾರೆಯೇ? ಅವಳು ಹಾಕಿದಳು, ಇವನು ಹಾಕಿಸಿಕೊಂಡ. ಹೋಗುವಾಗ ಗಾಳಿ ಬೆನ್ನಿಗಿತ್ತು, ಜೋಡಿ ಸೈಕಲ್ ಎಲ್ಲರಿಗಿಂತ ಮುಂದಿತ್ತು. ಗೂಟ ಬಂದಾಗ ವಿಲ್ಫ್ರೀಡ್ ಮೊಟ್ಟಮೊದಲ ಬಾರಿಗೆ ಆ ಪದವನ್ನು ಬಾಯಿ ತುಂಬ ಕೂಗಿದ, ಹಿಂದೆ ಅಷ್ಟೂ ಜನ ಅವನ ಮಾತಿಗೆ ಬಲಕ್ಕೆ ಸರಿದರು. ಅವನ ಎದೆ ಉಬ್ಬಿತು. ಹಾಳಾದ್ದು, ಇಷ್ಟು ಚಿಕ್ಕ ವಿಷಯಕ್ಕೆ ಮನುಷ್ಯ ಎಷ್ಟು ಖುಷಿ ಪಡುತ್ತಾನೆ ನೋಡಿ.

ಅರ್ಧ ದಾರಿಯ ಕೆಫೆಯಲ್ಲಿ ಬಿಯರ್ ಬಂತು, ಚೀಸ್ ತುಂಡುಗಳು ಬಂದವು, ಸಾಸಿವೆ ಬಂತು. ಮಾರ್ನಿಕ್ಸ್ ಮೇಜು ಹಿಡಿದುಕೊಂಡು ಎದ್ದು ನಿಂತ.

"ಒಂದು ಮಾತು ಹೇಳ್ಬೇಕು. ಅವತ್ತು ಸೇತುವೆ ಹತ್ರ ಇವನು ಬಿದ್ದನಲ್ಲ, ನಾನು ಗೂಟ ಅಂತ ಕೂಗ್ಲಿಲ್ಲ. ಬೇಕಂತಲೇ ಕೂಗ್ಲಿಲ್ಲ."

ವಿಲ್ಫ್ರೀಡ್ ಒಬ್ಬೊಬ್ಬರ ಮುಖ ನೋಡಿದ. ಯಾರ ಮುಖದಲ್ಲೂ ಏನೂ ಕದಲಲಿಲ್ಲ. ಓಡಿಲ್ ಚೀಸನ್ನು ಸಾಸಿವೆಯಲ್ಲಿ ಅದ್ದಿ ಬಾಯಿಗಿಟ್ಟುಕೊಂಡ.

"ಅಯ್ಯೋ ಕ್ಯಾಪ್ಟನ್, ಇದನ್ನ ಹೇಳೋಕೆ ಎದ್ದು ನಿಂತ್ಯಾ? ಯಾರಿಗೆ ಗೊತ್ತಿರ್ಲಿಲ್ಲ ಇದು?"

ಎಲ್ಲರೂ ಗೊಳ್ಳೆಂದು ನಕ್ಕರು. ಪಕ್ಕದ ಮೇಜಿನವರೂ ತಿರುಗಿ ನೋಡಿದರು.

"ಗೊತ್ತಿತ್ತಾ?" ಎಂದ ವಿಲ್ಫ್ರೀಡ್. "ಮತ್ತೆ ಕೇಳಿಸ್ಕೊಂಡೆ ಅಂದ್ರಲ್ಲ?"

"ಇನ್ನೇನನ್ನಬೇಕಿತ್ತು? ಅವನು ಕ್ಯಾಪ್ಟನ್ನು. ನೀನು ಯಾರು?" ಎಂದ ಓಡಿಲ್. "ಇದಕ್ಕೇನಾ ಇಷ್ಟು ವರ್ಷ ಮುಖ ಊದಿಸ್ಕೊಂಡಿದ್ದೆ? ನಾವು ನಿನ್ನ ಮುಖವೇ ಹಾಗೆ ಅಂದ್ಕೊಂಡಿದ್ವಿ! ಕುಡಿ ಕುಡಿ, ನೊರೆ ಇಳಿದುಹೋಗುತ್ತೆ."

ಮಾರ್ನಿಕ್ಸ್ ಕೂತ. ಅವನ ಕೆಲಸ ಮುಗಿದಿತ್ತು, ಬಲು ಅಗ್ಗಕ್ಕೆ ಮುಗಿದಿತ್ತು. ಕೊರ್ನೇಲ್ ಒಬ್ಬನೇ ನಗಲಿಲ್ಲ. ವಿಲ್ಫ್ರೀಡನಿಗೆ ಅದು ಕಾಣಲಿಲ್ಲ. ಅವನ ಕಣ್ಣು ಓಡಿಲನ ಅಗಿಯುವ ದವಡೆಯ ಮೇಲೆಯೇ ಇತ್ತು.

ಬರುವಾಗ ಎದುರುಗಾಳಿ. ಎಲ್ಲರೂ ಜೋಡಿ ಸೈಕಲ್ಲಿನ ಹಿಂದೆ ಒತ್ತಾಗಿ ಅಡಗಿಕೊಂಡರು. ಗಾಳಿ ಬೀಸುವಾಗ ಮೊದಲ ಬೆನ್ನ ಹಿಂದಿನ ಜಾಗ, ಅತ್ಯಂತ ಸುಖದ ಜಾಗ, ಯಾವಾಗಲೂ ಓಡಿಲನದು. ಇದು ಕ್ಲಬ್ಬಿನಲ್ಲಿ ಹಸುಗೂಸಿಗೂ ಗೊತ್ತು. ವಿಲ್ಫ್ರೀಡನಿಗೆ ಬೆನ್ನ ಹಿಂದೆ ಬುಸುಬುಸು ಉಸಿರು ಕೇಳಿಸುತ್ತಿತ್ತು. ಅವನು ತಿರುಗಿ ನೋಡಲಿಲ್ಲ. 'ನೀನು ಯಾರು' ಎಂಬ ಮಾತು ಕಿವಿಯಲ್ಲಿ ಕುದಿಯುತ್ತಿತ್ತು. ತೋರಿಸುತ್ತೇನೆ ಬಾ ನಾನು ಯಾರು ಅಂತ, ಎಂದುಕೊಂಡ.

ದೂರದಲ್ಲಿ ಗೂಟ ಕಂಡಿತು. ಹೋಗುವಾಗ ಮೊದಲು ಸಿಗುವುದು ಸೇತುವೆ, ಬರುವಾಗ ಮೊದಲು ಸಿಗುವುದು ಗೂಟ. ಮಾರ್ನಿಕ್ಸನಿಗೆ ಕಣ್ಣಿಲ್ಲದಿದ್ದರೇನು, ಪಾಪ್ಲರ್ ಮರಗಳ ಸದ್ದು ನಿಂತು ಬಯಲುಗಾಳಿ ಮುಖಕ್ಕೆ ಹೊಡೆದಾಗ ಅವನಿಗೆ ಜಾಗ ತಿಳಿಯಿತು. ವಿಲ್ಫ್ರೀಡನ ಸೊಂಟಕ್ಕೆ ತಟ್ಟಿದ. ವಿಲ್ಫ್ರೀಡ್ ಸುಮ್ಮನಿದ್ದ. ಮತ್ತೆ ತಟ್ಟಿದ. ಕೂಗಬೇಕೆಂದಿದ್ದರೆ ಮಾರ್ನಿಕ್ಸನಿಗೂ ಬಾಯಿತ್ತು, ಅವನೂ ಕೂಗಲಿಲ್ಲ. ವಿಲ್ಫ್ರೀಡ್ ನೆಟ್ಟಗೆ ಹೋಗಿ ಕೊನೆಯ ಗಳಿಗೆಯಲ್ಲಿ ಬಲಕ್ಕೆ ಜಾರಿದ.

ಹಿಂದೆ ಧಡ್ ಎಂದಿತು. ಆಮೇಲೆ ಸೈಕಲ್ಲುಗಳ ಮೇಲೆ ಸೈಕಲ್ಲುಗಳು ಬೀಳುವ ಸದ್ದು.

ವಿಲ್ಫ್ರೀಡ್ ಇಳಿದು ತಿರುಗಿ ನೋಡಿದ. ಗೂಟದ ಬುಡದಲ್ಲಿ ಕಾಲು ತಿರುಚಿಕೊಂಡು ಬಿದ್ದಿದ್ದವನು ಕೊರ್ನೇಲ್. ಓಡಿಲ್ ಬಿಯರ್ ಜಾಸ್ತಿಯಾಗಿ ಮರದ ಹಿಂದೆ ಉಚ್ಚೆ ಹೊಯ್ಯಲು ನಿಂತಿದ್ದ. ಖಾಲಿಯಾದ ಜಾಗಕ್ಕೆ ಕೊರ್ನೇಲ್ ನುಗ್ಗಿ ಬಂದಿದ್ದ. ವಿಲ್ಫ್ರೀಡನಿಗೆ ಏನಾದರೂ ಸಮಾಧಾನದ ಮಾತು ಹೇಳಬೇಕೆಂದು ಏದುಸಿರು ಬಿಡುತ್ತ ಹಿಂದೆ ಹಿಂದೆಯೇ ಬರುತ್ತಿದ್ದ.

ತೊಡೆ ಸೊಂಟಕ್ಕೆ ಸೇರುವ ಕಡೆ ಮೂಳೆ ಮುರಿದಿತ್ತು. ಯಾರೋ ಫೋನ್ ಮಾಡಿದರು. ಆಂಬುಲೆನ್ಸ್ ಬಂದದ್ದೇನೋ ಬೇಗ. ಆದರೆ ಸೇತುವೆಯ ಆಚೆಗೂ ಇಂಥದೇ ಇನ್ನೊಂದು ಗೂಟ. ಅದನ್ನು ತೆಗೆದು ಗಾಡಿ ಬಿಡುವ ಬೀಗದ ಕೀಲಿ ಭಾನುವಾರ ಯಾರ ಬಳಿ ಇರುತ್ತದೋ ಯಾರಿಗೂ ಗೊತ್ತಿರಲಿಲ್ಲ. ಸ್ಟ್ರೆಚರ್ ಹೊತ್ತವರು ನಡೆದು ಬರುವ ತನಕ ಕೊರ್ನೇಲ್ ನೆಲದ ಮೇಲೆಯೇ ಇದ್ದ. ಅವನು ಅರಚಲಿಲ್ಲ, ಕೇಳಿದನಷ್ಟೇ.

"ವಿಲ್ಫ್ರೀಡ್, ನೀನು ಗೂಟ ಅಂದ್ಯಾ? ನಂಗೆ ಕೇಳಿಸ್ಲಿಲ್ಲ."

ಇಷ್ಟು ವರ್ಷ ಬೇರೆಯವರ ಬಾಯಿಂದ ಹೊರಡಲೆಂದು ಕಾದಿದ್ದ ಮಾತು ಈಗ ವಿಲ್ಫ್ರೀಡನ ನಾಲಗೆಯ ಮೇಲೇ ಕೂತಿತ್ತು. ಕೂಗಲಿಲ್ಲ, ಎಂದರೆ ಮುಗಿಯುತ್ತಿತ್ತು. ಅಷ್ಟರಲ್ಲಿ ಮಾರ್ನಿಕ್ಸ್ ಗಾಳಿಯಲ್ಲಿ ತಡಕಾಡಿ ಅವನ ಭುಜ ಹಿಡಿದುಕೊಂಡ, ಬಿಗಿಯಾಗಿ. ಮುಂದಿನ ಭಾನುವಾರವೂ ಅವನಿಗೆ ಆ ಭುಜ ಬೇಕಿತ್ತು.

"ಹೇಳಿದ" ಎಂದ ಮಾರ್ನಿಕ್ಸ್. "ನಾನು ಕೇಳಿಸ್ಕೊಂಡೆ."

ಆಗಷ್ಟೇ ಹಿಂದಿನಿಂದ ಬಂದು ಸೇರಿದ ಓಡಿಲ್ ಸೈಕಲ್ಲಿನಿಂದ ಇಳಿಯುವ ಮೊದಲೇ ತಲೆಯಾಡಿಸಿದ. "ಹೂಂ ಮತ್ತೆ, ನಂಗೂ ಕೇಳಿಸ್ತು. ಅಲ್ಲಿ ಮರದ ಹತ್ರದವರೆಗೂ ಕೇಳಿಸ್ತು!"

ಅವನ ಪಕ್ಕದವನಿಗೂ ಕೇಳಿಸಿತ್ತು, ಮಂಡಿ ಕೆತ್ತಿಕೊಂಡು ಕೂತಿದ್ದವರಿಗೂ ಕೇಳಿಸಿತ್ತು. ಕೊರ್ನೇಲ್ ಅವರನ್ನು ಯಾರನ್ನೂ ನೋಡಲಿಲ್ಲ, ವಿಲ್ಫ್ರೀಡನನ್ನೇ ನೋಡುತ್ತಿದ್ದ.

"ಹೇಳಿದೆ" ಎಂದ ವಿಲ್ಫ್ರೀಡ್.

ಕೊರ್ನೇಲನನ್ನು ಸೇತುವೆಯ ಮೇಲೆ ಹೊತ್ತುಕೊಂಡು ಹೋದರು. ಹಲಗೆಗಳ ಗಡಗಡ ಸದ್ದು ನಿಂತ ಮೇಲೆ ಓಡಿಲ್ ಹೆಲ್ಮೆಟ್ ಸರಿಮಾಡಿಕೊಂಡು, ಬಿದ್ದವನ ಸೈಕಲ್ಲನ್ನು ಗೂಟಕ್ಕೆ ಒರಗಿಸಿದ.

"ಇವತ್ತಿಂದ ಅವನೇ ಗೂಟಪ್ಪ" ಎಂದು ನಕ್ಕು, ಜೋಡಿ ಸೈಕಲ್ಲಿನ ಹಿಂದೆ ತನ್ನ ಜಾಗದಲ್ಲಿ ಬಂದು ನಿಂತ. "ನಡಿ ಹೋಗೋಣ, ವಿಲ್ಫ್ರೀಡ್."

ಕರೆದದ್ದು ತನ್ನನ್ನೇ ಎಂದು ಈ ಸಲ ವಿಲ್ಫ್ರೀಡನಿಗೆ ತಕ್ಷಣ ತಿಳಿಯಿತು. "ಹೂಂ, ನಡೀರಿ" ಎಂದು ಪೆಡಲಿನ ಮೇಲೆ ಕಾಲಿಟ್ಟ.