ಭುಜದ ಮೇಲೆ ಎರಡು ತಟ್ಟು

ಮೈರೋನ್ ಪಾಲಚುಕ್ ಹನ್ನೊಂದು ಚಳಿಗಾಲ ಐಸ್ ಹಾಕಿಯನ್ನೇ ಕಸುಬು ಮಾಡಿಕೊಂಡು ಬದುಕಿದವನು. ಅಷ್ಟು ವರ್ಷಗಳಲ್ಲಿ ಅವನು ಹೊಡೆದ ಗೋಲು ಏಳೇ ಏಳು. ಎಷ್ಟು ಜನರನ್ನು ಹೊಡೆದನೆಂಬ ಲೆಕ್ಕವನ್ನು ಅವನು ಇಟ್ಟಿಲ್ಲ. ಕಾರ್ವೆನ್ ಊರಿನವರು ಇಟ್ಟಿದ್ದರು; 'ಸುತ್ತಿಗೆ' ಎಂಬ ಅಡ್ಡಹೆಸರನ್ನೂ ಇಟ್ಟಿದ್ದರು.

ಅವನನ್ನು ತಂಡದಲ್ಲಿ ಇಟ್ಟುಕೊಂಡಿದ್ದೇ ಅದಕ್ಕೆ. ಕೋಚ್ ವೆಂಡೆಲ್ 'ಹೋಗಿ ಹೊಡಿ' ಎಂದು ಒಮ್ಮೆಯೂ ಬಾಯಿಬಿಟ್ಟು ಹೇಳಿದವನಲ್ಲ. ಆಟಗಾರರ ಬೆಂಚಿನ ಹಿಂದೆ ನಡೆದುಬಂದು ಮೈರೋನನ ಬಲಭುಜವನ್ನು ಎರಡು ಸಲ ತಟ್ಟುತ್ತಿದ್ದ, ಅಷ್ಟೇ. ಮೈರೋನ್ ಮಂಜಿನಂಗಳಕ್ಕಿಳಿದು, ಹೊಡೆದಾಟಕ್ಕೆ ಕರೆದಂತೆ ಕೈಗವಸು ಕೆಡವುತ್ತಿದ್ದ, ಎದುರಾಳಿಯೂ ಕೆಡವುತ್ತಿದ್ದ. ಬಿದ್ದವನಿಗೆ ಹೊಡೆಯಬಾರದೆಂಬುದೊಂದೇ ನಿಯಮ. ಮುಗಿದ ಮೇಲೆ ಕೆಲಸದವನೊಬ್ಬ ಸಲಿಕೆ ತಂದು, ರಕ್ತ ಬಿದ್ದ ಮಂಜನ್ನು ಕೆರೆದು ಬಕೆಟ್ಟಿಗೆ ತುಂಬಿಕೊಳ್ಳುತ್ತಿದ್ದ. ಜನ ಬಾಯಲ್ಲಿ ಸಾಸಿವೆ ಸವರಿದ ಸಾಸೇಜು ಅಗಿಯುತ್ತಲೇ ಎದ್ದುನಿಂತು ಕೂಗುತ್ತಿದ್ದರು. ಆ ಸಾಸಿವೆಯ ವಾಸನೆ ಬಂದರೆ ಮೈರೋನ್ ಇಂದಿಗೂ ರಸ್ತೆಯ ಆಚೆ ಬದಿಗೆ ದಾಟುತ್ತಾನೆ.

ಇಷ್ಟರ ನಡುವೆ ಅವನು ಜೋಪಾನ ಮಾಡಿಕೊಂಡದ್ದು ಎರಡನ್ನು. ಒಂದು, ಏಳನೆಯ ಗೋಲು: ಪಕ್ ಎಂಬ ರಬ್ಬರ್ ಬಿಲ್ಲೆಯನ್ನು ಈ ತುದಿಯಿಂದ ಆ ತುದಿಯವರೆಗೆ ಒಬ್ಬನೇ ಒಯ್ದು, ಗೋಲ್‌ಕೀಪರನನ್ನು ಎಡಕ್ಕೆ ಬೀಳಿಸಿ ಬಲಕ್ಕೆ ಹೊಡೆದದ್ದು. ಇನ್ನೊಂದು, ಹೊಡೆದಾಟದಲ್ಲಿ ತನಗೆ ಎಂದೂ ಖುಷಿ ಸಿಕ್ಕಿರಲಿಲ್ಲ ಎಂಬ ನಂಬಿಕೆ.

ಅವನ ಅರವತ್ತಮೂರನೆಯ ವಯಸ್ಸಿನಲ್ಲಿ, ಅವನ ಇಪ್ಪತ್ತೇಳನೆಯ ನಂಬರಿನ ಅಂಗಿಯನ್ನು ಗೌರವಾರ್ಥವಾಗಿ ಒಳಾಂಗಣದ ಸೂರಿಗೆ ತೂಗುಹಾಕಲು ಕ್ಲಬ್ಬು ತೀರ್ಮಾನಿಸಿತು. ಒಮ್ಮೆ ಮೇಲೇರಿದ ನಂಬರನ್ನು ಆ ತಂಡದಲ್ಲಿ ಮತ್ತೆ ಯಾರೂ ತೊಡುವಂತಿಲ್ಲ. ಸಮಾರಂಭದಲ್ಲಿ ಹಾಕುವ ಚಿತ್ರದಲ್ಲಿ ಆ ಏಳನೆಯ ಗೋಲನ್ನು ತೋರಿಸಬೇಕೆಂಬ ಕರಾರಿನ ಮೇಲೆ ಮೈರೋನ್ ಒಪ್ಪಿದ. ಕ್ಲಬ್ಬಿನ ಅಧ್ಯಕ್ಷ ಲೈಲ್ ಮಾತು ಕೊಟ್ಟ.

ಸಮಾರಂಭಕ್ಕೆ ಎರಡು ದಿನ ಮೊದಲು ಲೈಲ್ ತನ್ನ ಕಚೇರಿಯಲ್ಲಿ ಚಿತ್ರ ತೋರಿಸಿದ. ಹನ್ನೊಂದು ನಿಮಿಷ, ಹತ್ತೊಂಬತ್ತು ಹೊಡೆದಾಟ, ಹಿನ್ನೆಲೆಗೆ ಡೋಲು.

"ಗೋಲೆಲ್ಲಿ?"

"ಗೋಲು ಯಾರು ಬೇಕಾದ್ರೂ ಹೊಡೀತಾರೆ, ಸುತ್ತಿಗೆ. ಜನ ಬರೋದು ನಿನ್ನ ಕೈ ನೋಡೋಕೆ."

"ಮಾತು ಕೊಟ್ಟಿದ್ದೆಯಲ್ಲೋ."

"ಆಯ್ತು ಬಿಡು, ಕೊನೇಲಿ ಸೇರಿಸ್ತೀನಿ. ನಾಲ್ಕು ಸೆಕೆಂಡು."

ಮೈರೋನನ ಕಣ್ಣು ಪರದೆಯಲ್ಲಿ ನಿಂತಿದ್ದ ಕೊನೆಯ ದೃಶ್ಯಕ್ಕೆ ಅಂಟಿಕೊಂಡಿತ್ತು. ಎದುರಾಳಿ ಮೊಣಕಾಲೂರಿ ಮಂಜಿನ ಮೇಲೆ ತನ್ನ ಹಲ್ಲು ಹುಡುಕುತ್ತಿದ್ದ. ಮೇಲೆ ನಿಂತಿದ್ದ ಇಪ್ಪತ್ತೇಳನೆಯ ನಂಬರಿನವನು ನಗುತ್ತಿದ್ದ. ಹಲ್ಲು ಕಿರಿದು, ನಾಲಿಗೆ ಹೊರಗೆ ಚಾಚಿ.

"ಹೆಂಗಿದೆ?" ಲೈಲ್ ಕೇಳಿದ.

"ವಾಕರಿಕೆ ಬರ್ತಿದೆ," ಎಂದು ಮೈರೋನ್ ಎದ್ದ. ಲೈಲ್ ಅದನ್ನು ತಮಾಷೆಯೆಂದುಕೊಂಡ.

ಶನಿವಾರ ಮಧ್ಯಾಹ್ನ ಅವನಿಗೆ ಹಳೆಯ ಅಂಗಿ, ಹಳೆಯ ಕೈಗವಸು ತೊಡಿಸಿ ಮಂಜಿಗಿಳಿಯುವ ಬಾಗಿಲ ಬಳಿ ನಿಲ್ಲಿಸಿದರು. ಹೋಗಲೋ ಬೇಡವೋ ಎಂದು ಅವನಿನ್ನೂ ತೂಗುತ್ತಿದ್ದ. ವೃದ್ಧಾಶ್ರಮದಿಂದ ಕರೆತಂದಿದ್ದ ವೆಂಡೆಲ್ ಅವನ ಹಿಂದೆ ಬಂದು ಬಲಭುಜವನ್ನು ಎರಡು ಸಲ ತಟ್ಟಿದ.

ಕೈಗವಸು ಕೆಳಗೆ ಬಿದ್ದಿತ್ತು. ಮುಷ್ಟಿ ಗದ್ದದ ಮಟ್ಟಕ್ಕೆ ಏರಿತ್ತು. ತಾನು ಹೊಸ್ತಿಲು ದಾಟಿದ್ದೇ ಅವನಿಗೆ ತಿಳಿಯಲಿಲ್ಲ. ಜನ ಸಾಸೇಜು ಹಿಡಿದೇ ಎದ್ದುನಿಂತು ಕೂಗಿದರು. ಗಂಟುಗಂಟಾದ ತನ್ನ ಬೆರಳುಗಳನ್ನು ಮೈರೋನ್, ಚಪ್ಪಲಿಗೆ ಮೆತ್ತಿದ ಹೇಸಿಗೆಯನ್ನು ನೋಡುವಂತೆ ನೋಡಿದ.

ಮಾತಾಡಲು ಮೈಕು ಕೊಟ್ಟಾಗ ಅವನು ಅಂಗಿ ಕಳಚಿ ಮಡಚಿದ. "ಇಪ್ಪತ್ತೇಳನ್ನ ಮೇಲೆ ಹಾಕ್ಬೇಡಿ. ಆಟ ಬರೋರು ಯಾರಾದ್ರೂ ಇದ್ರೆ ತೊಡಿಸಿ."

ಒಳಗೆ ವೆಂಡೆಲ್ ಕೋಲೂರಿ ಕಾದಿದ್ದ. "ಏನಾಯ್ತೋ ನಿಂಗೆ? ಊರವರ ಮುಂದೆ ಮಾನ ಕಳೆದ್ಯಲ್ಲ."

"ನೀವು ತಟ್ಟಿದ್ರಿ, ಕೋಚ್."

"ಪ್ರೀತಿಗೆ ತಟ್ಟಿದ್ದು ಕಣೋ."

"ಆಗ್ಲೂ ಹಂಗೇ ಅಂತಿದ್ರಿ."

ಮೈರೋನ್ ಈಗ ಆಟ ನೋಡಲು ಹೋಗುವುದಿಲ್ಲ. ಅವನು ಆಡುತ್ತಿದ್ದ ಕಾಲದಲ್ಲಿ ಆ ಕಡೆ ತಲೆಯೂ ಹಾಕದಿದ್ದ ಅಕ್ಕ ಒಲ್ಯಾ ಈಗ ಹೋಗುತ್ತಾಳೆ. ಕಳೆದ ಭಾನುವಾರ ಅವನ ತಟ್ಟೆಗೆ ಆಲೂಗಡ್ಡೆ ತುಂಬಿದ ಪಿರೊಗಿ ಕಡುಬು ಬಡಿಸುತ್ತಾ ಹೇಳಿದಳು: "ನಿನ್ನ ಇಪ್ಪತ್ತೇಳನ್ನ ಒಬ್ಬ ಗಿಡ್ಡನಿಗೆ ಕೊಟ್ಟಿದ್ದಾರೆ ಕಣೋ. ನಿನ್ನೆ ಎರಡು ಗೋಲು ಹೊಡೆದ."

"ಕೈಗವಸು ಬಿಚ್ಚಿದ್ನಾ?"

"ಇಲ್ಲಪ್ಪ. ಒಬ್ಬ ಬಂದು ತಳ್ಳಿದ, ಇವನು ಪಕ್ಕಕ್ಕೆ ಜಾರಿಕೊಂಡ. ಜನ ಹೇಡಿ ಅಂತ ಬೈದ್ರು."

ಮೈರೋನ್ ಅಷ್ಟು ಜನರನ್ನು ಹೊಡೆದಿದ್ದ ಬಲಗೈಯನ್ನು ಮೇಜಿನ ಕೆಳಗಿಟ್ಟು, ಎಡಗೈಯಲ್ಲಿ ತಿನ್ನತೊಡಗಿದ.