ನಾನು ಕತ್ತರಿಸಿದ ಕಪ್ಪು ವೈರು

ವಿಲಾಸ, ಜೀಪಿನ ಆ ವೈರನ್ನು ಕತ್ತರಿಸಿದವನು ನಾನು. ಮಲ್ಲಪ್ಪನಲ್ಲ. ಆರು ವರ್ಷ ನಿನ್ನ ಜೊತೆ ಚಹಾ ಕುಡಿಯುತ್ತ, ನೀನು ಅವನನ್ನು ಬೈಯುವುದನ್ನು ಕೇಳುತ್ತ ಸುಮ್ಮನೆ ಕುಳಿತೆ — ಸುಮ್ಮನೆ ಅಷ್ಟೇ ಅಲ್ಲ, ತಲೆಯನ್ನೂ ಆಡಿಸಿದೆ.

ಕಳಿಸುವ ಮೊದಲು ಈ ಕಾಗದವನ್ನು ಮಲ್ಲಪ್ಪನಿಗೂ ಓದಲು ಕೊಡುತ್ತೇನೆ. ಹಾಗಾಗಿ ನಿನಗೆ ಗೊತ್ತಿರುವುದನ್ನೂ ಬರೆಯಬೇಕು. ನೀನು ಖಾನಾಪುರದಲ್ಲಿ ದನದ ಡಾಕ್ಟರ್. ನಾನು ಬೆಳಗಾವಿಯ ಪಾಲಿಟೆಕ್ನಿಕ್ಕಿನಲ್ಲಿ ವೈರಿಂಗ್ ಕಲಿಸಿ ನಿವೃತ್ತನಾದವನು. ಮಲ್ಲಪ್ಪ ವಡಗಾವಿಯಲ್ಲಿ ಗಾಡಿಗಳ ವೈರಿಂಗ್ ಅಂಗಡಿ ಇಟ್ಟಿದ್ದವನು. ಹಳೆಯ ಜೀಪೊಂದನ್ನು ಇಬ್ಬರೂ ಸೇರಿ ಕೊಂಡಿದ್ದೆವು. ನಿನಗೆ ಅದು ಕಾಡಂಚಿನ ಊರುಗಳಿಗೆ ಹೋಗಲು ಬೇಕಿತ್ತು. ನನಗೆ — ಇನ್ನೂ ಏನೋ ಒಂದು ನನ್ನ ಕೈಯಲ್ಲಿದೆ ಎನ್ನಿಸಿಕೊಳ್ಳಲು.

ಆ ವರ್ಷ ನನ್ನ ಕಣ್ಣು ಮಂಜಾಗತೊಡಗಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದರೆ ಜೀಪು ಓಡಿಸುವುದು ತಪ್ಪುತ್ತದೆ. ಬೆಳಗಾವಿಯ ದಂಡುಪ್ರದೇಶ ಕ್ಯಾಂಪಿನಲ್ಲಿರುವ ಕಣ್ಣಿನ ಆಸ್ಪತ್ರೆಗೆ ಗುಟ್ಟಾಗಿ ಹೋಗಿಬರುತ್ತಿದ್ದೆ. ಒಂದು ದಿನ ನೀನು ಫೋನಿನಲ್ಲಿ ಕೇಳಿದೆ: "ಏನಪಾ, ಬುಧವಾರ ಕ್ಯಾಂಪ್‌ನ್ಯಾಗ ಏನ್ ಕೆಲಸ ಇತ್ತು?" ಇವನಿಗೆ ಹೇಗೆ ಗೊತ್ತು? ಎರಡು ವಾರದ ಮೇಲೆ ಮತ್ತೆ: "ನಿನ್ನಿನೂ ಹೋಗಿದ್ದೇನು?" ಅಂದಿನಿಂದ ನಿನ್ನ ಪ್ರತಿ ಮಾತನ್ನೂ ತೂಗಿ ನೋಡತೊಡಗಿದೆ. ನೀನು ನಕ್ಕರೆ, ಯಾಕೆ ನಕ್ಕ? ಸುಮ್ಮನಿದ್ದರೆ, ಏನು ಮುಚ್ಚಿಡುತ್ತಿದ್ದಾನೆ?

ಆ ಭಾನುವಾರ ರಾಮತೀರ್ಥ ನಗರದ ನನ್ನ ಮನೆ ಮುಂದೆ ಜೀಪಿನ ವೈರುಗಳನ್ನು ಚೊಕ್ಕಟ ಮಾಡಲು ಕುಳಿತೆ. ಫಾಗ್ ಲೈಟು, ಎರಡನೇ ಹಾರ್ನು, ಟೇಪ್ ರೆಕಾರ್ಡರು, ಚಾರ್ಜರು — ಹಿಂದಿನ ಮಾಲೀಕರು ಒಬ್ಬೊಬ್ಬರೂ ತಮ್ಮ ಪಾಲಿನ ವೈರು ಎಳೆದು ಬಿಟ್ಟುಹೋಗಿದ್ದರು. ಕೆಲಸಕ್ಕೆ ಬಾರದವನ್ನು ಕಿತ್ತೆ, ಉಳಿದವಕ್ಕೆ ಫ್ಯೂಸು ಹಾಕಿ, ಚೀಟಿ ಅಂಟಿಸಿ ಕಟ್ಟಿದೆ. ಆಗ ಡ್ಯಾಶ್‌ಬೋರ್ಡಿನ ಹಿಂದೆ ಸಿಕ್ಕಿತು — ಒಂದು ಹೊಸ ಕಪ್ಪು ವೈರು, ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿಗೆ ಸೇರಿದ್ದು. ನಾನು ಹಾಕಿದ್ದಲ್ಲ. ಗಾಡಿ ಎಲ್ಲಿದೆ ಎಂದು ನಿನ್ನ ಫೋನಿಗೆ ತಿಳಿಸುವ ಯಂತ್ರ ಎಂದು ನಿರ್ಧರಿಸಿಯೇಬಿಟ್ಟೆ. ವೈರಿನ ಇನ್ನೊಂದು ತುದಿ ಎಲ್ಲಿಗೆ ಹೋಗುತ್ತದೆಂದು ನೋಡದೆ ಕತ್ತರಿ ಹಾಕಬಾರದು — ಎಷ್ಟು ವರ್ಷ ವಿದ್ಯಾರ್ಥಿಗಳಿಗೆ ಇದನ್ನೇ ಹೇಳಿದ್ದೆ! ನೋಡಲಿಲ್ಲ. ಕತ್ತರಿಸಿದೆ. ತುದಿಗಳಿಗೆ ಟೇಪು ಸುತ್ತಿ ಒಳಗೆ ತಳ್ಳಿದೆ. ನಿನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ —

ಹನ್ನೊಂದನೇ ದಿನ ಬ್ರೇಕ್ ಆಯಿಲ್ ಸೋರಿಹೋಗಿ, ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ, ನೀನು ಜೀಪನ್ನು ಮತ್ತಿಮರಕ್ಕೆ ಗುದ್ದಿಸಿ ನಿಲ್ಲಿಸಿದೆ. ತೊಡೆಯ ಮೂಳೆ ಎರಡು ಕಡೆ ಮುರಿದಿತ್ತು. ಆಸ್ಪತ್ರೆಯ ಹಾಸಿಗೆಯಲ್ಲಿ ನೀನು ನನ್ನ ಕೈ ಹಿಡಿದು ಹೇಳಿದೆ: "ಆಯಿಲ್ ಕಡಿಮಿ ಆದ್ರ ಕೂಗೂ ಬಜರ್ ಹಾಕಿಸಿದ್ದೆ ಶಿವಾ, ವಡಗಾವಿ ಮಲ್ಲಪ್ಪನ ಕಡಿಂದ. ಬ್ರೇಕ್ ಆಯಿಲ್ ನೋಡಾಂವ ನೀ, ಡಬ್ಬಿ ಮ್ಯಾಲಿನ ಗೆರಿ ನಿನಗ ಕಾಣವಲ್ದು ಅಂತ ನನಗ ಗೊತ್ತಿತ್ತು. ಹೇಳಿದ್ರ ನೊಂದ್ಕೋತಿ ಅಂತ ಹೇಳಲಿಲ್ಲ. ಆದ್ರ ಅದು ಯಾಕ ಕೂಗಲಿಲ್ಲೋ?"

ಕ್ಯಾಂಪಿನ ಬಂಗಲೆಯೊಂದರ ನಾಯಿಗೆ ಸೂಜಿ ಹಾಕಲು ಬಂದಾಗಲೆಲ್ಲ ಕಣ್ಣಿನ ಆಸ್ಪತ್ರೆಯೆದುರು ನಮ್ಮ ಜೀಪು ನೋಡಿದ್ದೆ ಎಂದೂ ನೀನು ಆಗಲೇ ಹೇಳಿದೆ.

ಆ ಕ್ಷಣ ಬಾಯಿ ಬಿಡಬಹುದಿತ್ತು. ನಾನು ಎದ್ದು, ಗುದ್ದಿದ ಜೀಪನ್ನು ಎಳೆದು ತಂದಿಟ್ಟಿದ್ದ ಗ್ಯಾರೇಜಿಗೆ ಹೋದೆ. ಡಬ್ಬಿಯನ್ನು, ಟೇಪು ಸುತ್ತಿದ ತುದಿಗಳನ್ನು, ಇಡೀ ವೈರನ್ನು ಕಿತ್ತು ಚೀಲಕ್ಕೆ ಹಾಕಿಕೊಂಡು ಬಂದೆ. ಮರುದಿನ ಮಲ್ಲಪ್ಪ ಆಸ್ಪತ್ರೆಗೆ ಬಂದ. "ಡಾಕ್ಟ್ರ, ನಿಮ್ಮ ಮುಂದನ ಎರಡ ಸಲ ಕೂಗಿಸಿ ತೋರ್ಸೇನಲ್ರಿ" ಎಂದ. ನೀನು ನನ್ನ ಮುಖ ನೋಡಿದೆ. ನಾನು ಹೇಳಿದೆ: "ನಾ ಬಿಚ್ಚಿ ನೋಡೇನಿ. ಜಾಯಿಂಟ್ ಸಡ್ಲ ಇತ್ತು. ಕಳಪಿ ಕೆಲಸ."

ಮಲ್ಲಪ್ಪ ನನ್ನನ್ನೇ ನೋಡಿ ಹೊರಗೆ ನಡೆದ. ಪಾಲಿಟೆಕ್ನಿಕ್ಕಿನ ಸರ್ ಹೇಳಿದ ಮಾತು ಊರಿಗೆಲ್ಲ ಹಬ್ಬಿತು — ಖಾನಾಪುರದ ಕಡೆಯ ಗಾಡಿಗಳು ಅವನ ಅಂಗಡಿಗೆ ಬರುವುದು ನಿಂತಿತು. ಈಗ ಮಗ್ಗಗಳ ಮೋಟಾರು ರಿಪೇರಿ ಮಾಡುತ್ತಾನೆ. ನೀನು ಕೋಲು ಹಿಡಿದು ನಡೆಯುತ್ತೀಯ. ಕಾಡಂಚಿನ ಊರುಗಳ ದನಗಳಿಗೆ ಈಗ ಡಾಕ್ಟರಿಲ್ಲ.

ಹೋದ ವಾರ ವಡಗಾವಿಗೆ ಹೋಗಿ ಅವನಿಗೆ ಎಲ್ಲವನ್ನೂ ಹೇಳಿದೆ. ಕೈ ಒರೆಸಿಕೊಳ್ಳುತ್ತ ಕೇಳಿದ. "ನನ್ನ ಜಾಯಿಂಟ್ ನನಗ ಗೊತ್ತಿರತೈತ್ರಿ ಸರ್. ನನಗ ಹೇಳಿ ಏನ್ ಮಾಡ್ತೀರಿ? ಡಾಕ್ಟ್ರ ಮುಂದ ಹೇಳ್ರಿ" ಎಂದ. ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ — ಯಾವ ಮುಖದಿಂದ ಕೇಳಲಿ?

ಈ ಭಾನುವಾರ ಬೆಳಗಿನ ಬಸ್ಸಿಗೆ ಇಬ್ಬರೂ ಬರುತ್ತೇವೆ. ಕಾಗದವನ್ನು ಮೊದಲೇ ಕಳಿಸುತ್ತಿದ್ದೇನೆ — ಅಲ್ಲಿಗೆ ಬಂದು ಮಾತು ತಿರುಗಿಸಲು ನನಗೆ ಜಾಗ ಉಳಿಯಬಾರದು. ಅವನೆದುರಿಗೇ ಸುಳ್ಳು ಹೇಳಿದ್ದೆ. ನಿಜವನ್ನೂ ಅವನೆದುರಿಗೇ ಹೇಳಬೇಕು. ನನ್ನನ್ನು ಒಳಗೆ ಕರೆಯುವುದು ಬಿಡುವುದು ನಿನಗೆ ಸೇರಿದ್ದು. ಮಲ್ಲಪ್ಪನನ್ನು ಮಾತ್ರ ಕರೆ, ಕೂರಿಸಿ ಮಾತಾಡಿಸು.