ಬೂದಿ ಹಚ್ಚದ ಬಾಟಲಿ

ಮೊನ್ನೆ ಸೊಸೆ ಜಮಖಂಡಿ ಪೇಟೆಯಿಂದ ಪಾತ್ರೆ ತೊಳೆಯುವ ಬೂದಿಯ ಪೊಟ್ಟಣ ತಂದಳು. ಬೂದಿಯೂ ಈಗ ಅಂಗಡಿಗೆ ಬಂದಿದೆ. ಬಿಚ್ಚಿ ಮೂಸಿದೆ. ಆರಿದ ಒಲೆಯ ವಾಸನೆ… ನೀರು ಬಿಡುವ ಕಾಕಾ ಎದುರಿಗೆ ಬಂದು ನಿಂತಂತಾಯಿತು.

ನಾನಾಗ ಕುಡಿಯುವ ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿದ್ದೆ. ನೀರಿಗೆ ಗಟಾರದ ಕೊಳಚೆ ಸೇರಿದರೆ ಅಮೋನಿಯಂ ಏರುತ್ತದೆ. ಅದನ್ನು ಅಳೆಯಲು ಪೆನ್ನಿನಂಥ ಒಂದು ಎಲೆಕ್ಟ್ರೋಡ್ ಇತ್ತು. ನೀರಿನಲ್ಲಿ ಅದ್ದಿದರೆ ಮೀಟರು ಮಿಲಿವೋಲ್ಟ್ ತೋರಿಸುತ್ತಿತ್ತು; ಅಮೋನಿಯಂ ಹೆಚ್ಚಿದಷ್ಟೂ ಅಂಕಿ ಏರುತ್ತಿತ್ತು. ದಿನವೂ ಸರಿಯಾಗಿ ಹತ್ತಕ್ಕೆ ಪ್ರಮಾಣ ಗೊತ್ತಿರುವ ದ್ರಾವಣಗಳಲ್ಲಿ ಅದನ್ನು ಅದ್ದಿ ನೋಡಿ, ಆಮೇಲೆಯೇ ಹಳ್ಳಿಗಳ ಬಾಟಲಿ ಮುಟ್ಟುತ್ತಿದ್ದೆ.

ಕಾಕಾ ಸಾವಳಗಿ ಕಡೆಯ ಒಂದು ಹಳ್ಳಿಯವರು. ಟಾಕಿ ತೊಟ್ಟಿಯ ನೀರನ್ನು ತಾವು ಒಂದು ಬೊಗಸೆ ಕುಡಿದ ಮೇಲೆಯೇ ಊರಿಗೆ ಬಿಡುವುದು ಅವರ ಪದ್ಧತಿ. ಮೊದಲ ಸಲ ಅವರು ತಂದ ನೀರಿಗೆ ಅಂಕಿ ವಿಪರೀತ ಏರಿತು. ವಿಚಾರಿಸಿದರೆ, ಸ್ವಚ್ಛವಿರಲಿ ಎಂದು ಹೆಂಡತಿ ಬಾಟಲಿಯನ್ನು ಬೂದಿ ಹಚ್ಚಿ ತಿಕ್ಕಿದ್ದರಂತೆ. ಬೂದಿಯಲ್ಲಿರುವ ಪೊಟ್ಯಾಸಿಯಂ ಆ ಎಲೆಕ್ಟ್ರೋಡಿಗೆ ಅಮೋನಿಯಂನಂತೆಯೇ ಕಾಣುತ್ತದೆ.

"ಬೂದಿಗೂ ಗಟಾರಕ್ಕೂ ಫರಕ್ ತಿಳೀದಂಥಾ ಮಷೀನ್ ಏನ್ರಿ ಸಾಹೇಬ್ರ ಇದು!" ಎಂದು ನಕ್ಕರು. ತೊಳೆದ ಹೊಸ ಬಾಟಲಿ ಕೊಟ್ಟು ಕಳಿಸಿದೆ.

ಮಳೆಗಾಲದ ಒಂದು ಶನಿವಾರ ಮತ್ತೆ ಬಂದರು. ಅಂಕಿ ಮತ್ತೆ ಏರಿತು.

"ಮತ್ತ ಬೂದಿ ಹಚ್ಚೀರೇನ್ ಕಾಕಾ?"

"ಇಲ್ರೀ. ನೀವು ಕೊಟ್ಟ ಬಾಟಲೀನ ಇದು. ಮನ್ಯಾಗ ಯಾರಿಗೂ ಮುಟ್ಟಾಕ ಕೊಟ್ಟಿಲ್ಲ. ನಾಳಿ ನೀರ ಬಿಡಲ್ಯೋ ಬ್ಯಾಡೋ, ಅಷ್ಟ ಹೇಳ್ರಿ."

"ಬೂದೀದ ಇರಬೇಕು. ಸೋಮವಾರ ಬ್ಯಾರೆ ನೀರ ತರ್ರಿ."

"ಅಲ್ಲೀತನಾ?"

"ನೀರ ಬಿಡ್ರಿ."

ಅವರು ಹೋದ ಮೇಲೆ ನೀರು ಚೆಲ್ಲಿ, ರಿಜಿಸ್ಟರಿನಲ್ಲಿ 'ಬಾಟಲಿ ಅಶುದ್ಧ' ಎಂದು ದುಂಡಗೆ ಬರೆದು ಸಹಿ ಹಾಕಿದೆ.

ಸೋಮವಾರ ಬಾಟಲಿ ಹಿಡಿದು ಬಂದವನು ಪಂಚಾಯಿತಿಯ ಗುಮಾಸ್ತ. ಟಾಕಿಯ ಪೈಪು ಒಡೆದು ಗಟಾರದ ನೀರು ಸೇರಿತ್ತು. ಊರಲ್ಲಿ ವಾಂತಿಭೇದಿ.

"ಸಾಹೇಬ್ರ ಬಿಡ ಅಂದಾರ ಅಂತ ಕಾಕಾ ನಿನ್ನೆ ಮೊದಲ ತಾನ ಕುಡದಾನ್ರಿ. ಇವತ್ತ ನಸಿಕಿನ್ಯಾಗ ಜೀವಾ ಬಿಟ್ಟ," ಎಂದ.

ಉಳಿದವರೆಲ್ಲ ಚೇತರಿಸಿಕೊಂಡರು. ನನ್ನನ್ನು ಯಾರೂ ಏನೂ ಕೇಳಲಿಲ್ಲ… ರಿಜಿಸ್ಟರ್ ಸರಿಯಾಗಿಯೇ ಇತ್ತಲ್ಲ.

ನಿವೃತ್ತನಾಗಿ ವರ್ಷಗಳಾದವು. ಸಂಜೆ ಐದೂವರೆಗೆ ತಿರುಗಾಡಲು ಹೊರಟಾಗ ಸಾವಳಗಿ ಬಸ್ಸು ನಿಲ್ದಾಣ ಬಿಡುತ್ತಿರುತ್ತದೆ. ಆ ಶನಿವಾರವೂ ಅದು ಇತ್ತು. ಒಂದು ಬಾಟಲಿ ತೊಳೆದುಕೊಂಡು ನಾನೇ ಹತ್ತಿ ಹೋಗಬಹುದಿತ್ತು. ಕಿಟಕಿಗಳನ್ನು ಒಂದೊಂದಾಗಿ ನೋಡುತ್ತೇನೆ… ಬಸ್ಸು ತಿರುವು ದಾಟುತ್ತದೆ. ಕಾಕಾ ಇರುವುದಿಲ್ಲ.